ವೈದ್ಯ ಸಂಶೋಧನೆಯೂ ಅದರ ಗುಮಾಸ್ತರೂ

ಹಾರನಹಳ್ಳಿ ಹೋಬಳಿಯ ಪದವೀಧರ ತರುಣರನ್ನು ಕಂಡು, ಯಾವ ಕೆಲಸಕ್ಕೆ ಪ್ರಯತ್ನಪಡುತ್ತಿದ್ದೀರೆಂದು ವಿಚಾರಿಸಿದರೆ ಬರತಕ್ಕ ಉತ್ತರಗಳನ್ನು ಕೇಳುವುದಕ್ಕೆ ಮೊದಲೇ ಬರೆದಿಡಬಹುದು. ಒಬ್ಬನು ಪೊಲೀಸು ಇಲಾಖೆ ಎನ್ನುವನು. ಮತ್ತೊಬ್ಬನು ಉಪಾಧ್ಯಾಯಗಿರಿ ಎನ್ನುವನು. ಇನ್ನೊಬ್ಬನು, ಹಿಂದೆ ಗ್ರಾಮಲೆಕ್ಕಿಗನೆಂದು ಕರೆಯಿಸಿಕೊಂಡು ಈಗ ಗ್ರಾಮ ಆಡಳಿತಾಧಿಕಾರಿಯೆಂಬ ದೊಡ್ಡ ಹೆಸರನ್ನು ಪಡೆದಿರುವ ಹುದ್ದೆಯನ್ನು ಹೇಳುವನು. ಉಳಿದವರು ಮೈಸೂರಿನ ಬಾಡಿಗೆ ಕೊಠಡಿಗಳಲ್ಲಿ ಕುಳಿತು, ಲೋಕಸೇವಾ ಆಯೋಗದ ಪ್ರಥಮದರ್ಜೆ ದ್ವಿತೀಯದರ್ಜೆ ಸಹಾಯಕರ ಪರೀಕ್ಷೆಗೆ ವರ್ಷಗಟ್ಟಲೆ ಓದುವವರು. (ಹಾರನಹಳ್ಳಿಯೆಂದರೆ ಅರಸೀಕೆರೆಯ ಸೀಮೆಯಲ್ಲಿ ಹೊಯ್ಸಳರ ಗುಡಿಗಳಿಂದ ಪ್ರಸಿದ್ಧವಾದ ಊರಲ್ಲ; ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಹೊಗೆಸೊಪ್ಪಿನ ಹಾರನಹಳ್ಳಿ.) ದೇಶದ ವೈದ್ಯಕೀಯ ಸಂಶೋಧನೆಯ ಕಚೇರಿಯೊಂದಕ್ಕೆ ಅರ್ಜಿ ಹಾಕಿದ್ದೇನೆಂಬ ಉತ್ತರವು ಮಾತ್ರ ಎಲ್ಲಿಯೂ ಕೇಳಿಬರುವುದಿಲ್ಲ. ಅಂಥ ಉದ್ಯೋಗವೊಂದು ಉಂಟೆಂಬುದೇ ಬಹುಮಂದಿಗೆ ತಿಳಿಯದು. ತಿಳಿದ ಕೆಲವರೂ, 'ಅದು ಡಾಕ್ಟರುಗಳಿಗೆ, ನಮಗಲ್ಲ' ಎಂದು ಸುಮ್ಮನಾಗುವರು. ಈ ಅಜ್ಞಾನದಿಂದ ನಮ್ಮ ಸೀಮೆಗೂ, ಆ ಸಂಶೋಧನೆಗೂ ಏಕಕಾಲದಲ್ಲಿ ನಷ್ಟವಾಗುತ್ತಿದೆಯೆಂಬುದನ್ನು ವಾಚಕ ಮಹಾಶಯರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಆ ಸಂಸ್ಥೆಯ ಪರಿಚಯವನ್ನು ಮಾಡಿಕೊಡುವುದು ಉಚಿತ. ೧೯೧೧ರಲ್ಲಿ, ಆಂಗ್ಲರ ಆಳ್ವಿಕೆಯ ಕಾಲದಲ್ಲಿ, 'ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್' ಎಂಬುದೊಂದು ಸ್ಥಾಪಿತವಾಯಿತು. ಅದರ ಮೊದಲನೆಯ ಸಭೆ ನಡೆದದ್ದು ಮುಂಬಯಿಯ ಪ್ಲೇಗ್ ಪ್ರಯೋಗಶಾಲೆಯಲ್ಲಿ. ಸ್ವಾತಂತ್ರ್ಯವು ಬಂದ ಎರಡು ವರ್ಷಗಳಿಗೆ, ೧೯೪೯ರಲ್ಲಿ, ಅದೇ ಸಂಘವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೆಂದು ಹೊಸ ಹೆಸರನ್ನು ತಳೆಯಿತು, ಡಾಕ್ಟರ್ ಸಿ. ಜಿ. ಪಂಡಿತರು ಅದರ ಪ್ರಥಮ ನಿರ್ದೇಶಕರಾದರು. ಇಂದು ಜನರು ಐಸಿಎಂಆರ್ ಎಂದು ಕರೆಯುವುದು ಇದನ್ನೇ. ಇದರ ಮುಖ್ಯ ಕಚೇರಿಯು ದೆಹಲಿಯಲ್ಲಿದ್ದರೂ ಶಾಖೋಪಶಾಖೆಗಳು ದೇಶವನ್ನೆಲ್ಲ ವ್ಯಾಪಿಸಿವೆ. ನಮ್ಮ ಕರ್ನಾಟಕದಲ್ಲಿಯೇ ಬೆಳಗಾವಿಯಲ್ಲಿ ೨೦೦೬ರಲ್ಲಿ ಆರಂಭವಾಗಿ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೆನಿಸಿಕೊಂಡಿರುವ ಕೇಂದ್ರವೊಂದು. ಬೆಂಗಳೂರಿನ ದೇವನಹಳ್ಳಿಯ ದಿಕ್ಕಿನಲ್ಲಿ ರೋಗಗಳ ಅಂಕಿಅಂಶಗಳನ್ನು ಕಲೆಹಾಕುವ ರಾಷ್ಟ್ರೀಯ ಕೇಂದ್ರವೊಂದು. ಅದೇ ಆವರಣದಲ್ಲಿ ಕೆಲಸಗಾರರ ಆರೋಗ್ಯವನ್ನು ಶೋಧಿಸುವ ಅಹಮದಾಬಾದಿನ ಸಂಸ್ಥೆಯ ದಕ್ಷಿಣ ಶಾಖೆ. ಪುಣೆಯ ವೈರಾಣು ಸಂಸ್ಥೆಯ ಬೆಂಗಳೂರು ಘಟಕ. ಇವುಗಳಲ್ಲಿ ವಿಜ್ಞಾನಿಗಳಿರುವಂತೆಯೇ ಕಚೇರಿಯ ಸಿಬ್ಬಂದಿಯೂ ಇದೆ. ಕೆಳದರ್ಜೆ ಗುಮಾಸ್ತ, ಮೇಲ್ದರ್ಜೆ ಗುಮಾಸ್ತ, ಸಹಾಯಕ, ಶಾಖಾಧಿಕಾರಿ, ಲೆಕ್ಕಪತ್ರದ ಅಧಿಕಾರಿ, ಆಡಳಿತಾಧಿಕಾರಿ ಎಂದು ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲಿಗೆ ಹನ್ನೆರಡನೆಯ ತರಗತಿಯ ತೇರ್ಗಡೆ ಸಾಕು. ಸಹಾಯಕನಾಗುವುದಕ್ಕೆ ಪದವಿ ಬೇಕು. ೨೦೧೬ರಿಂದ ಜಾರಿಗೆ ಬಂದ ಏಳನೆಯ ವೇತನ ಆಯೋಗದ ಪಟ್ಟಿಯಂತೆ ಮೂಲವೇತನವು ಕೆಳದರ್ಜೆಯವನಿಗೆ ₹೧೯,೯೦೦ರಿಂದಲೂ, ಮೇಲ್ದರ್ಜೆಯವನಿಗೆ ₹೨೫,೫೦೦ರಿಂದಲೂ, ಸಹಾಯಕನಿಗೆ ₹೩೫,೪೦೦ರಿಂದಲೂ ಆರಂಭವಾಯಿತು. ನಮ್ಮ ತರುಣರು ಇದನ್ನು ಕೀಳೆಂದು ಬಿಟ್ಟಿದ್ದಾರೆಂದು ಹೇಳಲಾಗದು, ಕಾಣದೆ ಬಿಟ್ಟಿದ್ದಾರೆ.

ಇಲ್ಲಿ ಒಂದು ಆಕ್ಷೇಪಣೆಯು ಬರುವುದನ್ನು ಬಲ್ಲೆವು. ಸಂಶೋಧನೆಯನ್ನು ಮಾಡುವವನು ವಿಜ್ಞಾನಿ. ಕಡತವನ್ನು ಮೇಜಿನಿಂದ ಮೇಜಿಗೆ ನೂಕುವ ಗುಮಾಸ್ತನು ಅದಕ್ಕೆ ವಿಘ್ನವೇ ಹೊರತು ಸಹಾಯವಲ್ಲ. ಅಂಥ ಕೆಲಸಕ್ಕೆ ಇಷ್ಟು ದೊಡ್ಡ ಮಾತೇಕೆ? ಈ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಕಚೇರಿಗಳು ಸಂಶೋಧನೆಯನ್ನು ಕೆಡಿಸಬಲ್ಲವು. ಆದರೆ ಕೆಡಿಸಬಲ್ಲ ಶಕ್ತಿಯುಳ್ಳದ್ದು ಕ್ಷುಲ್ಲಕವೆಂದು ಹೇಳಬರುವುದಿಲ್ಲವಷ್ಟೆ.

ಮಲೇರಿಯಾ ಜ್ವರವನ್ನು ಸೊಳ್ಳೆಯು ಹರಡುವುದೆಂಬುದರ ಸುಳಿವನ್ನು ಸಿಕಂದರಾಬಾದಿನಲ್ಲಿ ೧೮೯೭ರ ಆಗಸ್ಟ್ ೨೦ರಂದು ಕಂಡ ರೊನಾಲ್ಡ್ ರಾಸ್ ಸಾಹೇಬರ ಕಥೆಯನ್ನು ಎಲ್ಲರೂ ಓದಿರುವರು. ಅದರಲ್ಲಿ ಪಠ್ಯಪುಸ್ತಕಗಳು ಬಿಟ್ಟುಬಿಡುವ ಎರಡು ಸಂಗತಿಗಳಿವೆ. ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲೊಪ್ಪಿದ ಹುಸೇನ್ ಖಾನನೆಂಬ ರೋಗಿಗೆ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ರಾಸರು ಕೊಟ್ಟರು. ಇದು ಒಂದನೆಯದು. ಸುಳಿವು ಸಿಕ್ಕಿದ ಮುಂದಿನ ತಿಂಗಳೇ ಅವರಿಗೆ ರಾಜಪುತಾನದ ಖೇರವಾಡಕ್ಕೆ ವರ್ಗದ ಆಜ್ಞೆಯು ಬಂದಿತು. ಅಲ್ಲಿ ಶೋಧಿಸತಕ್ಕಷ್ಟು ಮಲೇರಿಯವೇ ಇರಲಿಲ್ಲ. ಕೈಗೆ ಬಂದ ಸತ್ಯವನ್ನು ಕೈಯಲ್ಲಿ ಹಿಡಿದುಕೊಂಡು ಆ ಮನುಷ್ಯನು ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರಬೇಕಾಯಿತು. ಹಿತೈಷಿಗಳು ಶಿಫಾರಸು ಮಾಡಿ ೧೮೯೮ರಲ್ಲಿ ಕಲ್ಕತ್ತೆಗೆ ಕರೆಯಿಸಿಕೊಂಡ ಮೇಲೆಯೇ ಉಳಿದರ್ಧವು ಸಿದ್ಧವಾದದ್ದು. ವರ್ಗದ ಆಜ್ಞೆಯನ್ನು ಹೊರಡಿಸಿದ ದಫ್ತರಿನಲ್ಲಿ ಯಾರಿಗೂ ರಾಸರ ಮೇಲೆ ದ್ವೇಷವಿದ್ದಿರಲಾರದು. ಅವರ ಮೇಜಿನ ಮೇಲೆ ಸೊಳ್ಳೆಯಿರಲಿಲ್ಲ, ವರ್ಗದ ಪಟ್ಟಿಯಿತ್ತು, ಅಷ್ಟೆ. ಸಂಶೋಧನೆಗೆಂದೇ ಹಣವನ್ನು ಬೇರೆಯಾಗಿಟ್ಟು, ಅದನ್ನು ಬಲ್ಲ ಕಚೇರಿಯೊಂದನ್ನು ಸ್ಥಾಪಿಸಬೇಕಾದ ಅವಶ್ಯಕತೆಯು ಇಂಥ ಪ್ರಸಂಗಗಳಿಂದಲೇ ಮನವರಿಕೆಯಾಗುವಂತಿದೆ.

ನಮ್ಮ ನಾಡಿನ ಉದಾಹರಣೆಗೇ ಬರೋಣ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನರು ಜ್ವರದಿಂದ ಮಲಗಿದರು. ಹಳದಿಜ್ವರವು ಭಾರತವನ್ನು ಹೊಕ್ಕಿತೋ ಎಂಬ ಭೀತಿಯು ಹುಟ್ಟಿತು. ಐಸಿಎಂಆರ್ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಸೇರಿ ೧೯೫೨ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಾಣು ಸಂಶೋಧನ ಕೇಂದ್ರದವರು ಬಂದು, ಇದು ಲೋಕವು ಅದುವರೆಗೆ ಕಾಣದ ಹೊಸ ವೈರಾಣುವೆಂದೂ, ಉಣುಗುಗಳು ಅದನ್ನು ಹರಡುವುವೆಂದೂ ಸ್ಥಾಪಿಸಿದರು. ಮಂಗನ ಕಾಯಿಲೆಯೆಂದು ನಾವು ಕರೆಯುವುದು ಅದನ್ನೇ. ಈ ಕಾರ್ಯದ ಕೀರ್ತಿಯು ವಿಜ್ಞಾನಿಗಳದು, ಅದರಲ್ಲಿ ಸಂದೇಹವಿಲ್ಲ. ಆದರೆ ಇಂಥ ಶೋಧನೆಯು ನಡೆಯುವ ಬಗೆಯನ್ನು ಸ್ವಲ್ಪ ಯೋಚಿಸಿ ನೋಡಬೇಕು. ಕಾಡಿನಲ್ಲಿ ಸತ್ತ ಪ್ರತಿಯೊಂದು ಮಂಗಕ್ಕೂ ಒಂದು ಸಂಖ್ಯೆ, ಒಂದು ಸ್ಥಳ, ಒಂದು ದಿನಾಂಕ. ಹೆಕ್ಕಿ ತಂದ ಉಣುಗುಗಳ ಪ್ರತಿಯೊಂದು ಶೀಶೆಗೂ ಒಂದು ಚೀಟಿ. ಜ್ವರಪೀಡಿತನ ರಕ್ತಕ್ಕೆ ಅವನ ಹೆಸರು, ಅವನ ಹಳ್ಳಿ, ಜ್ವರವು ಎಷ್ಟನೆಯ ದಿನದ್ದೆಂಬ ಲೆಕ್ಕ. ಜೀಪಿಗೆ ಪೆಟ್ರೋಲು, ಕೂಲಿಯವರಿಗೆ ವಾರದ ಬಟವಾಡೆ, ಪುಣೆಗೆ ಮಂಜುಗಡ್ಡೆಯಲ್ಲಿಟ್ಟು ಕಳುಹಿಸುವ ಪೆಟ್ಟಿಗೆಗೆ ರೈಲಿನ ರಶೀದಿ. ಇವುಗಳಲ್ಲಿ ಒಂದು ತಪ್ಪಿದರೆ ಆ ಶೀಶೆಯಲ್ಲಿರುವುದು ಯಾವ ಕಾಡಿನ ಉಣುಗೆಂಬುದನ್ನು ಬ್ರಹ್ಮನೂ ಹೇಳಲಾರನು.

ಮಂಗನ ಕಾಯಿಲೆಯು ಮಲೆನಾಡಿನ ಮಾತೆಂದು ನಮ್ಮ ತಾಲ್ಲೂಕುಗಳವರು ಉದಾಸೀನರಾಗಿರುವಂತೆಯೂ ಇಲ್ಲ. ೨೦೧೨ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತವು. ಅವುಗಳ ಶವಗಳನ್ನು ಮುಟ್ಟಿ ವಿಲೇವಾರಿ ಮಾಡಿದ ಅರಣ್ಯ ಇಲಾಖೆಯ ಕೆಲಸಗಾರರಿಗೆ ಕಾಯಿಲೆಯು ಹತ್ತಿತು. ಮುಂದೆ ನೆರೆಯ ವಯನಾಡಿನಲ್ಲಿಯೂ ಅದು ಕಾಣಿಸಿಕೊಂಡು, ೨೦೧೫ರಲ್ಲಿ ನೂರಕ್ಕೆ ಮೇಲ್ಪಟ್ಟು ಜನರು ಪೀಡಿತರಾದರು. ಬಂಡೀಪುರಕ್ಕೂ ನಮ್ಮ ಹೆಗ್ಗಡದೇವನಕೋಟೆಗೂ ನಡುವೆ ಗೋಡೆಯಿಲ್ಲ, ಕಾಡೇ ಇದೆ. ಹುಣಸೂರು ಪಿರಿಯಾಪಟ್ಟಣಗಳ ಪಶ್ಚಿಮದ ಅಂಚಿಗೆ ನಾಗರಹೊಳೆಯ ಕಾಡು. ೧೯೯೦ರಿಂದ ಜನರಿಗೆ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆಯನ್ನು ಕೊಡುತ್ತಿಲ್ಲವೆಂದು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ೨೦೨೪ರ ಆರಂಭದ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪ್ರಾಣಹಾನಿಯಾಯಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಹೊಣೆಯನ್ನು ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಡನೆ ಕೂಡಿ ಹೊತ್ತಿತು. ಲಸಿಕೆಯೆಂಬುದು ಪ್ರಯೋಗಶಾಲೆಯಿಂದ ನೇರವಾಗಿ ತೋಳಿಗೆ ಬರತಕ್ಕ ವಸ್ತುವಲ್ಲ. ಒಪ್ಪಂದ, ಅನುಮತಿ, ನೀತಿ ಸಮಿತಿಯ ನಡವಳಿ, ಒಪ್ಪಿಗೆ ಪತ್ರ, ವಿಮೆ, ಹಣದ ಕಂತು, ಲೆಕ್ಕಪರಿಶೋಧನೆ ಎಂಬ ಹತ್ತಾರು ಬಾಗಿಲುಗಳನ್ನು ಅದು ದಾಟಬೇಕು. ಪ್ರತಿಯೊಂದು ಬಾಗಿಲಿನಲ್ಲಿಯೂ ಒಬ್ಬ ಗುಮಾಸ್ತನಿರುತ್ತಾನೆ. ಅವನು ಬಲ್ಲವನಾದರೆ ಬಾಗಿಲು ಒಂದು ದಿನದಲ್ಲಿ ತೆರೆಯುತ್ತದೆ. ತಿಳಿಯದವನಾದರೆ ಆರು ತಿಂಗಳು. ಆ ಆರು ತಿಂಗಳಿನೊಳಗೆ ಉಣುಗಿನ ಒಂದು ಋತುವು ಬಂದು ಹೋಗುತ್ತದೆ.

ಇನ್ನು ಹೊಗೆಸೊಪ್ಪಿನ ವಿಷಯ. ಇದನ್ನು ಬರೆಯುವುದಕ್ಕೆ ನಮಗೆ ಸಂಕೋಚವಿಲ್ಲ, ಓದುವುದಕ್ಕೆ ನಮ್ಮ ಚಂದಾದಾರರಲ್ಲಿ ಅನೇಕರಿಗೆ ಇರಬಹುದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಮಳೆಯಾಶ್ರಯದ ಕೆಂಪು ನೆಲದಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬೆಳೆದು, ಬ್ಯಾರನ್ನುಗಳಲ್ಲಿ ಹದವಾಗಿ, ಹರಾಜುಕಟ್ಟೆಗಳಲ್ಲಿ ಮಾರಿದ ಹಣದಿಂದಲೇ ಈ ಸೀಮೆಯ ಮಕ್ಕಳ ಕಾಲೇಜಿನ ಶುಲ್ಕವು ಕಟ್ಟಲ್ಪಡುತ್ತದೆ. ಹುಣಸೂರಿನಲ್ಲಿ ಸರ್ಕಾರದ ಹೊಗೆಸೊಪ್ಪಿನ ಸಂಶೋಧನ ಕೇಂದ್ರವೂ ಇದೆ. ಅದು ಕೃಷಿಯ ಮಂಡಳಿಗೆ ಸೇರಿದ್ದು, ಬೆಳೆಯನ್ನು ಹೆಚ್ಚಿಸುವುದು ಅದರ ಧರ್ಮ. ಅದೇ ಸರ್ಕಾರದ ವೈದ್ಯಮಂಡಳಿಯು ಬೆಂಗಳೂರಿನಲ್ಲಿ ಕುಳಿತು ಎಣಿಸುವುದು ಅರ್ಬುದ ರೋಗಿಗಳನ್ನು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯು ಬೆಂಗಳೂರು, ಮದರಾಸು, ಮುಂಬಯಿಗಳಲ್ಲಿ ೧೯೮೨ರಿಂದ ಜನರ ಲೆಕ್ಕವನ್ನು ಹಿಡಿಯಲಾರಂಭಿಸಿತು. ೨೦೨೦ರ ಆಗಸ್ಟಿನಲ್ಲಿ ಹೊರಬಿದ್ದ ಅದರ ವರದಿಯು, ಆ ವರ್ಷ ದೇಶದಲ್ಲಿ ೧೩.೯ ಲಕ್ಷ ಜನರಿಗೆ ಅರ್ಬುದ ತಗುಲುವುದೆಂದೂ, ಅದರಲ್ಲಿ ಶೇಕಡಾ ೨೭.೧ರಷ್ಟು ಹೊಗೆಸೊಪ್ಪಿಗೆ ಸಂಬಂಧಪಟ್ಟ ಅರ್ಬುದಗಳೆಂದೂ ಅಂದಾಜು ಕಟ್ಟಿತು.

ಈ ಅಂಕೆಗಳು ಆಕಾಶದಿಂದ ಉದುರಿದವಲ್ಲ. ನೋಂದಣಿಯ ಕೆಲಸಗಾರನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ದಾಖಲೆಗಳನ್ನು ತೆಗೆಸಿ ನೋಡಬೇಕು. ಜನನಮರಣದ ಕಚೇರಿಗೆ ಹೋಗಿ ಸತ್ತವರ ಪಟ್ಟಿಯೊಡನೆ ತಾಳೆ ಹಾಕಬೇಕು. ಒಬ್ಬ ರೋಗಿಯೇ ಮೂರು ಆಸ್ಪತ್ರೆಗಳಲ್ಲಿ ಮೂರು ಬಗೆಯ ಹೆಸರಿನಿಂದ ಬರೆಯಲ್ಪಟ್ಟಿರುವನು. ನಂಜುಂಡಯ್ಯ, ನಂಜುಂಡ, ಎನ್. ಅಯ್ಯ ಇವರು ಒಬ್ಬರೋ ಮೂವರೋ ಎಂಬುದನ್ನು ಯಂತ್ರವು ತಾನಾಗಿಯೇ ತಿಳಿಯಲಾರದು. ನಮ್ಮ ಕಡೆಯ ಹೆಸರುಗಳ ಮರ್ಮವನ್ನು ಬಲ್ಲವನಿಗೆ ತಿಳಿಯುತ್ತದೆ. ಒಬ್ಬನನ್ನು ಮೂವರೆಂದು ಎಣಿಸಿದರೆ ದೇಶದ ರೋಗವು ಹೆಚ್ಚಿತು. ಮೂವರನ್ನು ಒಬ್ಬನೆಂದು ಎಣಿಸಿದರೆ ಇಬ್ಬರು ಬಡವರು ಲೆಕ್ಕದಿಂದಲೇ ಬಿದ್ದುಹೋದರು. ಆಸ್ಪತ್ರೆಯನ್ನು ಎಲ್ಲಿ ಕಟ್ಟಬೇಕು, ಯಂತ್ರವನ್ನು ಎಲ್ಲಿಗೆ ಕೊಡಬೇಕೆಂಬ ವಿಚಾರವು ಮುಂದೆ ಈ ಲೆಕ್ಕವನ್ನೇ ನಂಬಿ ನಡೆಯುವುದು.

ಹೊಗೆಸೊಪ್ಪಿನಿಂದ ಸೇದುವವನಿಗೆ ಮಾತ್ರ ಹಾನಿಯೆಂದು ತಿಳಿದವರು ಇದನ್ನೂ ಗಮನಿಸಬೇಕು. ಇಬ್ಬನಿಯಲ್ಲಿ ನೆನೆದ ಹಸಿಯೆಲೆಯನ್ನು ಮುರಿದು ಹೊರುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತು, ವಾಂತಿಗಳನ್ನು ತರುವುದೆಂಬುದನ್ನು ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗುಜರಾತಿನ ಕೂಲಿಗಳಲ್ಲಿ ಬಹಳ ಹಿಂದೆಯೇ ಶೋಧಿಸಿದ್ದಾರೆ. ಹಾರನಹಳ್ಳಿಯ ಹೊಲದಲ್ಲಿ ಬೆಳಗ್ಗೆ ಎಲೆ ಮುರಿಯುವ ಹೆಂಗಸಿಗೆ ಈ ಮಾತನ್ನು ಅವಳ ಭಾಷೆಯಲ್ಲಿ ಯಾರು ಹೇಳಿದರು? ಹೇಳಬೇಕಾದ ಕಚೇರಿಯಲ್ಲಿ ಅವಳ ಮಗನೊಬ್ಬನು ಗುಮಾಸ್ತನಾಗಿದ್ದಿದ್ದರೆ ಈ ಪ್ರಶ್ನೆಯನ್ನು ಪತ್ರಿಕೆಯವರು ಕೇಳಬೇಕಾಗುತ್ತಿರಲಿಲ್ಲವೇನೋ.

ಕಾಗದವು ಎಷ್ಟರಮಟ್ಟಿಗೆ ಮನುಷ್ಯನ ಮಾನಪ್ರಾಣಗಳನ್ನು ಕಾಯಬಲ್ಲದು, ಅಥವಾ ಕಳೆಯಬಲ್ಲದು ಎಂಬುದಕ್ಕೆ ಇನ್ನೊಂದು ನಿದರ್ಶನವನ್ನು ಕೊಡದೆ ಇರಲಾರೆವು. ೨೦೦೯ರಲ್ಲಿ, ಆಗ ಆಂಧ್ರಪ್ರದೇಶಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರದಲ್ಲಿಯೂ ಗರ್ಭಕಂಠದ ಅರ್ಬುದವನ್ನು ತಡೆಯುವ ಲಸಿಕೆಯೊಂದನ್ನು ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಹಾಕುವ ಯೋಜನೆಯನ್ನು ಪಾತ್ ಎಂಬ ಅಮೆರಿಕದ ಸಂಸ್ಥೆಯು ಕೈಗೊಂಡಿತು. ನಮ್ಮ ವೈದ್ಯಮಂಡಳಿಯೂ ಅದರಲ್ಲಿ ಪಾಲುಗೊಂಡಿತ್ತು. ೨೦೧೦ರ ಏಪ್ರಿಲಿನಲ್ಲಿ ಸರ್ಕಾರವು ಅದನ್ನು ತಡೆಹಿಡಿಯಿತು. ಮೃತಪಟ್ಟ ಬಾಲಿಕೆಯರ ಸಾವಿಗೆ ಲಸಿಕೆಯೇ ಕಾರಣವೆಂದು ವಿಚಾರಣೆಯು ಹೇಳಲಿಲ್ಲವೆಂಬುದನ್ನೂ ನ್ಯಾಯಕ್ಕಾಗಿ ಇಲ್ಲಿ ಬರೆಯಬೇಕು. ಆದರೆ ೨೦೧೩ರಲ್ಲಿ ಪಾರ್ಲಿಮೆಂಟಿನ ಸ್ಥಾಯೀ ಸಮಿತಿಯು ಮುಂದಿಟ್ಟ ವರದಿಯಲ್ಲಿ ಹೊರಬಿದ್ದ ಸಂಗತಿ ಬೇರೊಂದು. ತಂದೆತಾಯಿಗಳು ಕೊಡಬೇಕಾದ ಒಪ್ಪಿಗೆಯ ಪತ್ರಗಳಲ್ಲಿ ಸಾವಿರಾರು ಪತ್ರಗಳಿಗೆ ರುಜು ಹಾಕಿದ್ದವರು ಹಾಸ್ಟೆಲುಗಳ ವಾರ್ಡನರು. ಆ ಮಕ್ಕಳಲ್ಲಿ ಅನೇಕರು ಕಾಡುಹಾಡಿಗಳಿಂದ ಬಂದು ವಸತಿಶಾಲೆಗಳಲ್ಲಿದ್ದವರು. ಒಂದು ಗಳಿಗೆ ಯೋಚಿಸಿ: ನಮ್ಮ ಹೆಗ್ಗಡದೇವನಕೋಟೆ, ಹುಣಸೂರುಗಳ ಆಶ್ರಮಶಾಲೆಗಳಲ್ಲಿ ಜೇನುಕುರುಬರ ಮಕ್ಕಳು ಓದುತ್ತಿದ್ದಾರೆ. ಅಂಥ ಕಾಗದಗಳ ಕಟ್ಟು ಕಚೇರಿಯ ಮೇಜಿಗೆ ಬಂದಾಗ, ಪುಟಗಟ್ಟಲೆ ಒಂದೇ ಕೈಬರಹದ ರುಜುವನ್ನು ಕಂಡು, 'ಸ್ವಾಮಿ, ಇದು ತಂದೆಯ ರುಜುವಲ್ಲ, ಈ ಕಡತವು ಮುಂದಕ್ಕೆ ಹೋಗಲಾರದು' ಎಂದು ಹೇಳತಕ್ಕವನು ವಿಜ್ಞಾನಿಯಲ್ಲ. ಕಡತವನ್ನು ಬಿಚ್ಚಿ ನೋಡಿದ ಗುಮಾಸ್ತ. ಹಾಗೆ ಹೇಳುವ ಧೈರ್ಯವಿರಬೇಕಾದರೆ ಅವನ ನೌಕರಿಯು ಭದ್ರವಾಗಿರಬೇಕು.

ಇದೇ ಕಾರಣದಿಂದ, ಮಂಡಳಿಯೂ ಅದರ ಸಂಸ್ಥೆಗಳೂ ಕಚೇರಿಯ ಕೆಲಸದ ದೊಡ್ಡ ಭಾಗವನ್ನು ಯೋಜನೆಯ ಅವಧಿಗೆ ಮಾತ್ರ ತೆಗೆದುಕೊಂಡ ದತ್ತಾಂಶ ನಮೂದಕರಿಂದಲೂ, ಗುತ್ತಿಗೆಯ ಸಹಾಯಕರಿಂದಲೂ ಮಾಡಿಸುತ್ತಿರುವ ಪದ್ಧತಿಯನ್ನು ನಾವು ಸಮ್ಮತಿಸಲಾರೆವು. ೨೦೨೦ರ ಕೊರೋನ ಕಾಲದಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವೈರಾಣು ಪ್ರಯೋಗಶಾಲೆಯಂಥ ಸ್ಥಳಗಳಲ್ಲಿ ಮೂಗಿನ ಮಾದರಿಯು ಎಷ್ಟು ಮುಖ್ಯವೋ ಅದರ ಜೊತೆಯ ನಮೂನೆಯೂ ಅಷ್ಟೇ ಮುಖ್ಯವಾಗಿತ್ತು. ದೂರವಾಣಿಯ ಒಂದು ಅಂಕೆ ತಪ್ಪಿದರೆ ರೋಗಿಯು ಸಿಕ್ಕುತ್ತಿರಲಿಲ್ಲ, ಅವನ ಮನೆಯವರಿಗೆ ಎಚ್ಚರಿಕೆಯೂ ತಲಪುತ್ತಿರಲಿಲ್ಲ. ರಾತ್ರಿ ಹಗಲೆನ್ನದೆ ಆ ನಮೂನೆಗಳನ್ನು ಮಂಡಳಿಯ ಜಾಲಕ್ಕೆ ಏರಿಸಿದವರಲ್ಲಿ ಗುತ್ತಿಗೆಯವರು ಎಷ್ಟೋ ಮಂದಿ. ಯೋಜನೆಯು ಮುಗಿದ ಕೂಡಲೆ ಇಂಥ ನೌಕರನು ಮನೆಗೆ. ಯಾವ ಕಟ್ಟಿನಲ್ಲಿ ಯಾವ ಕಾಗದವಿದೆಯೆಂಬ ತಿಳಿವಳಿಕೆಯೂ ಅವನ ಜೊತೆಯಲ್ಲೇ ಮನೆಗೆ. ಖರ್ಚು ಉಳಿಯಿತೆಂದು ಲೆಕ್ಕದವರು ಸಂತೋಷಪಡಬಹುದು. ಮುಂದಿನ ಯೋಜನೆಯಲ್ಲಿ ಹೊಸಬನೊಬ್ಬನು ಅಕ್ಷರಾಭ್ಯಾಸದಿಂದ ತೊಡಗುವಾಗ ಆಗುವ ನಷ್ಟವನ್ನು ಬರೆಯುವುದಕ್ಕೆ ಅವರ ಪುಸ್ತಕದಲ್ಲಿ ಕಾಲಮಿಲ್ಲ.

ಕಚೇರಿಗಳ ಪಕ್ಷವನ್ನು ಹಿಡಿದೆವೆಂದು ಅವುಗಳ ಲೋಪವನ್ನು ಮುಚ್ಚುವವರು ನಾವಲ್ಲ. ಮಾರ್ಚಿ ೩೧ರೊಳಗೆ ಹಣವನ್ನು ಖರ್ಚುಮಾಡಬೇಕೆಂದು ಮಾರ್ಚಿಯಲ್ಲಿ ಓಡಾಡುವುದು. ಮಂಜಿನ ಪೆಟ್ಟಿಗೆಯಲ್ಲಿ ಬಂದ ರಾಸಾಯನಿಕವು ಒಂದು ರುಜುವಿಲ್ಲದೆ ಸುಂಕದ ಕಚೇರಿಯಲ್ಲಿ ಕರಗಿ ಕೆಡುವಂತೆ ಬಿಡುವುದು. ಮೂರು ದರಪಟ್ಟಿಗಳಿಲ್ಲವೆಂದು ನೂರು ರೂಪಾಯಿಯ ಸಾಮಾನಿಗೂ ಕಡತವನ್ನು ಹಿಂದಕ್ಕೆ ಕಳುಹಿಸುವುದು. ಇವೆಲ್ಲ ಸರ್ಕಾರದ ದಫ್ತರುಗಳನ್ನು ಕಂಡವರಿಗೆ ಹೊಸದಲ್ಲ. ಈಗ ಖರೀದಿಯೆಲ್ಲ ೨೦೧೬ರಲ್ಲಿ ತೆರೆದ ಸರ್ಕಾರಿ ವಿದ್ಯುನ್ಮಾನ ಪೇಟೆಯ ಮೂಲಕ ನಡೆಯಬೇಕೆಂಬ ನಿಯಮವು ಬಂದಿದೆ. ೨೦೧೭ರ ಹಣಕಾಸು ನಿಯಮಾವಳಿಯೂ ಇದೆ. ನಿಯಮದ ಅಕ್ಷರವನ್ನು ಮಾತ್ರ ಬಲ್ಲವನು ತಡೆಯುವನು. ಅದೇ ನಿಯಮದಲ್ಲಿ ತುರ್ತಿನ ಖರೀದಿಗೆ ಎಲ್ಲಿ ಅವಕಾಶವಿದೆಯೆಂಬುದನ್ನೂ ಬಲ್ಲವನು ಔಷಧವನ್ನು ವೇಳೆಗೆ ತರಿಸುವನು. ಆ ಎರಡನೆಯ ಜಾತಿಯ ಗುಮಾಸ್ತರೇ ನಮಗೆ ಬೇಕಾದವರು; ಅವರು ತರಬೇತಿಯಿಂದಲೂ ದೀರ್ಘಕಾಲದ ಸೇವೆಯಿಂದಲೂ ಆಗತಕ್ಕವರು.

ಈಗ ಭಾಷೆಯ ಮಾತು. ೨೦೨೩ರ ಜುಲೈ ತಿಂಗಳಲ್ಲಿ ಕುಡುಗೋಲು ಕಣದ ರಕ್ತಹೀನತೆಯನ್ನು ನಿರ್ಮೂಲಮಾಡುವ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು; ಆದಿವಾಸಿಗಳಿರುವ ಸೀಮೆಗಳಲ್ಲಿ ೪೦ ವರ್ಷದೊಳಗಿನ ಏಳು ಕೋಟಿ ಜನರ ರಕ್ತವನ್ನು ಪರೀಕ್ಷಿಸಿ ಚೀಟಿಗಳನ್ನು ಕೊಡಬೇಕೆಂಬುದು ಅದರ ಸಂಕಲ್ಪ. ಕರ್ನಾಟಕವೂ ಅದರಲ್ಲಿ ಸೇರಿದೆ. ಬೊಮ್ಮನೂ ಬೊಮ್ಮಿಯೂ ಬೇರೆಬೇರೆಯೆಂಬುದು, ಒಂದೇ ಹಾಡಿಯಲ್ಲಿ ಹತ್ತು ಮಂದಿ ಮಾರರಿರಬಹುದೆಂಬುದು ಇಲ್ಲಿಯ ಮಣ್ಣಿನಲ್ಲಿ ಬೆಳೆದವನಿಗೆ ಹೇಳಿಕೊಡಬೇಕಾಗಿಲ್ಲ. ಸಂಶೋಧನೆಗೆ ಒಳಗಾಗುವವನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಒಪ್ಪಿಗೆಯನ್ನು ಪಡೆಯಬೇಕೆಂದು ಮಂಡಳಿಯ ೨೦೧೭ರ ನೀತಿಸೂತ್ರಗಳು ವಿಧಿಸಿವೆ. ಪರಮ ಸಂತೋಷ. ಆದರೆ ಆ ಮಂಡಳಿಯ ಕೆಳದರ್ಜೆ ಗುಮಾಸ್ತನಾಗುವವನು ಕಂಪ್ಯೂಟರಿನ ಮೇಲೆ ಆಂಗ್ಲದಲ್ಲಿ ನಿಮಿಷಕ್ಕೆ ೩೫ ಪದಗಳನ್ನೋ, ಹಿಂದಿಯಲ್ಲಿ ೩೦ ಪದಗಳನ್ನೋ ಬೆರಳಚ್ಚು ಮಾಡಿ ತೋರಿಸಬೇಕು. ಕನ್ನಡದ ಬೆರಳಚ್ಚಿಗೆ ಅಲ್ಲಿ ಬೆಲೆಯಿಲ್ಲ. ಬೆಳಗಾವಿಯ ಸಂಸ್ಥೆಯು ಕನ್ನಡಿಗ ರೋಗಿಯ ಮುಂದೆ ಕನ್ನಡದ ಪತ್ರವನ್ನಿಡಬೇಕು, ಆ ಪತ್ರವನ್ನು ಅಚ್ಚುಹಾಕುವವನಿಗೆ ಕನ್ನಡವು ಬರಬೇಕೆಂಬ ನಿಯಮವಿಲ್ಲ! ನಮ್ಮ ಪಟ್ಟಣಗಳ ಟೈಪಿಂಗ್ ಶಾಲೆಗಳಲ್ಲಿ ಜೂನಿಯರ್ ಸೀನಿಯರ್ ಪರೀಕ್ಷೆಗಳನ್ನು ಕನ್ನಡದಲ್ಲಿ ಮುಗಿಸಿ ಕುಳಿತಿರುವ ಹುಡುಗಿಯರಿಗೆ ಇದನ್ನು ಹೇಗೆ ವಿವರಿಸುವುದೋ ತಿಳಿಯದು.

ಮೈಸೂರು ಮೈಸೂರಿನವರಿಗೆ ಎಂಬ ಕೂಗು ಒಂದು ಕಾಲದಲ್ಲಿ ಈ ಸಂಸ್ಥಾನದಲ್ಲಿ ಎದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರವರು ೧೯೧೮ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ ಹಿಂದುಳಿದ ಜಾತಿಗ��ವರಿಗೆ ಸರ್ಕಾರಿ ಕಚೇರಿಗಳ ಬಾಗಿಲನ್ನು ಸಡಿಲಿಸಿದರು. ಹುಣಸೂರು ಸೀಮೆಯವರೇ ಆದ ದೇವರಾಜ ಅರಸರು ೧೯೭೨ರಲ್ಲಿ ಹಾವನೂರು ಆಯೋಗವನ್ನು ರಚಿಸಿ ಅದನ್ನು ಇನ್ನಷ್ಟು ತೆರೆದರು. ಅವೆಲ್ಲ ರಾಜ್ಯದ ಕಚೇರಿಗಳ ಮಾತು. ಒಕ್ಕೂಟದ ಕಚೇರಿಗಳ ಬಾಗಿಲಿನಲ್ಲಿ ಇಂದಿಗೂ ಭಾಷೆಯ ಅಗುಳಿಯಿದೆ. ಅನ್ಯಪ್ರಾಂತದವರ ಮೇಲೆ ನಮಗೆ ಮತ್ಸರವಿಲ್ಲ. ಭಾರತವೆಲ್ಲವೂ ಒಂದೇ ಮನೆಯೆಂದು ಸಾರುತ್ತ ಬಂದಿರುವ ಪತ್ರಿಕೆಯಿದು. ಮನೆಯೊಂದೇ ಆದುದರಿಂದಲೇ ನಡುಮನೆಯಲ್ಲಿ ನಮ್ಮ ಮಕ್ಕಳಿಗೂ ಒಂದು ಮಣೆ ಬೇಕೆನ್ನುತ್ತೇವೆ. ಇದು ಆಗದ ಮಾತೂ ಅಲ್ಲ. ಒಕ್ಕೂಟದ ಸಿಬ್ಬಂದಿ ಆಯ್ಕೆ ಆಯೋಗವು ೨೦೨೩ರಲ್ಲಿ ತನ್ನ ಬಹುಕಾರ್ಯ ಸಿಬ್ಬಂದಿಯ ಪರೀಕ್ಷೆಯನ್ನು ಆಂಗ್ಲ ಹಿಂದಿಗಳಲ್ಲದೆ ಕನ್ನಡವೂ ಸೇರಿ ೧೩ ಪ್ರಾಂತಭಾಷೆಗಳಲ್ಲಿ ನಡೆಸಿತು. ಆಕಾಶವು ಕಳಚಿಬೀಳಲಿಲ್ಲ.

ಆದುದರಿಂದ ಮೈಸೂರು ಜಿಲ್ಲೆಯನ್ನು ಪ್ರತಿನಿಧಿಸುವ ಪಾರ್ಲಿಮೆಂಟಿನ ಸದಸ್ಯರು ಆರೋಗ್ಯ ಸಚಿವರ ಮುಂದೆ ಈ ಬೇಡಿಕೆಗಳನ್ನು ಇಡಬೇಕೆಂದು ನಮ್ಮ ಆಗ್ರಹ. ಕರ್ನಾಟಕದಲ್ಲಿರುವ ಮಂಡಳಿಯ ಸಂಸ್ಥೆಗಳ ಕೆಳದರ್ಜೆ, ಮೇಲ್ದರ್ಜೆ ಗುಮಾಸ್ತರ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಾಗಲಿ. ಬೆರಳಚ್ಚಿನ ಪರೀಕ್ಷೆಯಲ್ಲಿ ಕನ್ನಡಕ್ಕೆ ಮೂರನೆಯ ಸ್ಥಾನವನ್ನಾದರೂ ಕೊಡಲಿ. ಜನರೊಡನೆ ನೇರವಾಗಿ ವ್ಯವಹರಿಸುವ ನೋಂದಣಿ, ನೀತಿಸಮಿತಿಗಳ ಕಚೇರಿಗಳಲ್ಲಿ ಗುತ್ತಿಗೆಯನ್ನು ತೆಗೆದು ಕಾಯಂ ಹುದ್ದೆಗಳನ್ನು ಮಂಜೂರುಮಾಡಲಿ. ತಾಯಿತಂದೆಗಳಿಗೂ ಒಂದು ಮಾತು. ಕೆಳದರ್ಜೆಯ ಹುದ್ದೆಗೆ ವಯಸ್ಸಿನ ಮಿತಿಯು ಸಾಮಾನ್ಯವಾಗಿ ೨೭. ಹಿಂದುಳಿದವರಿಗೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ರಿಯಾಯಿತಿ. ಮಗನು ಮೂರು ಸಲ ಪೊಲೀಸು ಪರೀಕ್ಷೆಯಲ್ಲಿ ಓಡಿ ಬಂದ ಮೇಲೆ ಇದನ್ನು ಹುಡುಕಿದರೆ ಪ್ರಯೋಜನವಿಲ್ಲ. ಹನ್ನೆರಡನೆಯ ತರಗತಿಯು ಮುಗಿದ ವರ್ಷವೇ ಆಂಗ್ಲದ ಬೆರಳಚ್ಚನ್ನೂ ಲೆಕ್ಕಪತ್ರವನ್ನೂ ಕಲಿಸತೊಡಗಬೇಕು. ಬೇಡಿಕೆಯು ಈಡೇರುವವರೆಗೆ ಇರುವ ಬಾಗಿಲಿನಲ್ಲಿಯೇ ನುಗ್ಗಬೇಕಾಗುತ್ತದೆ.

ಈ ಮಂಡಳಿಯ ಸಂಸ್ಥೆಗಳು ಬಹುಮಟ್ಟಿಗೆ ತಮ್ಮ ತಮ್ಮ ಜಾಲಪುಟಗಳಲ್ಲಿ ಪ್ರಕಟಣೆಗಳನ್ನು ಹಾಕಿ ಸುಮ್ಮನಾಗುತ್ತವೆ. ಆಂಗ್ಲದಲ್ಲಿಯೂ ಹಿಂದಿಯಲ್ಲಿಯೂ ಇರುವ ಆ ಕಾಗದವು ರಾವಂದೂರಿನ ಹುಡುಗನ ಕಣ್ಣಿಗೆ ಬೀಳುವಷ್ಟರಲ್ಲಿ ಕಡೆಯ ದಿನವು ಕಳೆದಿರುತ್ತದೆ. ಬೆಳಗಾವಿ ಬೆಂಗಳೂರುಗಳ ಸಂಸ್ಥೆಗಳಿಂದ ಗುಮಾಸ್ತರ ಹುದ್ದೆಗೆ ಪ್ರಕಟಣೆಯು ಹೊರಟ ವಾರವೇ ಅದರ ಕನ್ನಡದ ಸಾರಾಂಶವನ್ನು ಈ ಪತ್ರಿಕೆಯಲ್ಲಿ ಯಾವ ಶುಲ್ಕವೂ ಇಲ್ಲದೆ ಅಚ್ಚುಮಾಡುವೆವು. ಹಾರನಹಳ್ಳಿ, ಬೆಟ್ಟದಪುರ, ರಾವಂದೂರು ಹೋಬಳಿಗಳ ಗ್ರಾಮಪಂಚಾಯತಿ ಗ್ರಂಥಾಲಯಗಳಿಗೆ ಆ ದಿನದ ಪ್ರತಿಯನ್ನು ನಮ್ಮ ಖರ್ಚಿನಲ್ಲಿಯೇ ಕಳುಹಿಸುವೆವು. ಅದನ್ನು ಫಲಕಕ್ಕೆ ಅಂಟಿಸುವ ಕೆಲಸವನ್ನು ಮಾತ್ರ ಗ್ರಂಥಪಾಲಕರು ದಯಮಾಡಿ ನಡೆಸಿಕೊಡಬೇಕು.